ಹೊಟ್ಟು ಸಮೇತ ಕಾಶ್ಮೀರ

ಕುಲಗೋಡದ ನಮ್ಮ ಟ್ರ್ಯಾಕ್ಟರ್ ಡ್ರೈವರ್ ಮಿಲಿಟರಿಯಲ್ಲಿದ್ದಾಗ ಕಾಶ್ಮೀರದ ರಸ್ತೆಗಳ ಹಿಮವನ್ನು ಯಂತ್ರದಿಂದ ತೂರಿದವನು. ಅದನ್ನು ಹೇಳದೆ ಅವನಿಗೆ ಚಹಾ ಇಳಿಯುತ್ತಿರಲಿಲ್ಲ. "ಎದಿಮಟ ಬರ್ಫ ಇತ್ರಿ, ತೂರಿ ಒಗದೇನಿ!" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ.

ನಾವು ಬರ್ಫ ಕಂಡದ್ದು ಘಟಪ್ರಭಾ ಸ್ಟೇಶನ್ನಿನಲ್ಲಿ, ಕರಗದಂತೆ ಕಟ್ಟಿಗೆಯ ಹೊಟ್ಟಿನೊಳಗೆ ಹುಗಿದಿಟ್ಟ ಮಂಜುಗಡ್ಡೆ ಮಾತ್ರ. "ಅಷ್ಟ ಬರ್ಫ ಮುಚ್ಚಾಕ ಹೊಟ್ಟು ಎಲ್ಲಿಂದ ತರತಿದ್ರೋ ತಮ್ಮಾ?" ಎಂದು ನಮ್ಮಜ್ಜಿ ಕೇಳಿಬಿಟ್ಟಳು. ಊರೇ ನಕ್ಕಿತು.

ಮರುದಿನ ಅವನು ಬರ್ಫ ತೂರಿದ್ದು ಹೇಗೆಂದು ತೋರಿಸಲು ಅಜ್ಜಿಯನ್ನು ಗೌಡರ ಕಣಕ್ಕೆ ಕರೆದು, ಟ್ರ್ಯಾಕ್ಟರಿಗೆ ದೊಡ್ಡ ಪಂಖಾ ಕಟ್ಟಿ, ಜೋಳದ ಹೊಟ್ಟಿನ ರಾಶಿಗೆ ಹಿಡಿದ.

"ಗಾಳಿ ನೋಡಿ ತೂರೋ!" ಎಂದರು ಗೌಡರು.

"ಮಷಿನ್ ಐತ್ರಿ, ಗಾಳಿ ಹಂಗು ಯಾಕ್ರಿ?"

ಗಾಳಿ ತಿರುಗಿತು. ಧೂಳು ಇಳಿದಾಗ ಗೌಡರು ತಲೆಯ ಪಟಗದಿಂದ ಪಾದದ ಕಾಲ್ಮರಿಯವರೆಗೆ ಬೆಳ್ಳಗೆ ನಿಂತಿದ್ದರು.

ಡ್ರೈವರ್ ಅಜ್ಜಿಯತ್ತ ತಿರುಗಿ ಮೀಸೆ ಒರೆಸಿಕೊಂಡ. "ನೋಡಬೇ, ಕಾಶ್ಮೀರ ಹಿಂಗ ಇರತೈತಿ. ನಿನ್ನ ಹೊಟ್ಟು ಸಮೇತ!"