ಅತ್ತೆ ಹೆಕ್ಕಿ ತಂದ ಬಣ್ಣ

ಅಂಗಡಿ ಬೋರ್ಡು ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಏಣಿ ಹತ್ತಿ ಅಕ್ಷರ ತೀಡುತ್ತಿದ್ದರೆ ದಾರಿಹೋಕರೂ ನಿಂತು ನೋಡುತ್ತಿದ್ದರು. ಆದರೆ ಬಣ್ಣ ತೆಳುಮಾಡಲು ಬೆರೆಸುವ ಟರ್ಪೆಂಟೈನಿನ ಘಾಟನ್ನು ವರ್ಷಗಟ್ಟಲೆ ಉಸಿರಾಡಿ ಅದು ಕೊನೆಗೆ ಎದೆಗೇ ಹತ್ತಿತು. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನು ಆ ಡಬ್ಬಿ ಮುಟ್ಟೋ ಹಾಗಿಲ್ಲ."

ಕುಂಚಗಳನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿದಳು. ಮನೆಕೆಲಸವೇನೋ ಸಾಗುತ್ತಿತ್ತು, ಮಾತು ಮಾತ್ರ ಸತ್ತುಹೋಗಿತ್ತು. "ಜೀವ ಮುಖ್ಯ ಕಣೆ" ಎಂದು ಗಂಡ ಸಮಾಧಾನ ಹೇಳಿದ.

ಒಂದು ಬೆಳಿಗ್ಗೆ ತರಕಾರಿಗೆಂದು ಹೋದ ಅತ್ತೆ ಮನೆಗೆ ಬಂದವರೇ ಕೈಚೀಲವನ್ನು ಅವಳ ಮುಂದೆ ಸುರಿದರು. ಬೀದಿ ಕೊನೆಯಲ್ಲಿ ಮನೆಗೆ ಪಾಯ ತೋಡುತ್ತಿದ್ದ ಜಾಗದಿಂದ ಹೆಕ್ಕಿದ ಕೆಮ್ಮಣ್ಣಿನ ಹೆಂಟೆಗಳು, ಜೊತೆಗೆ ಹಳದಿ ಬಣ್ಣದ ಮೆತ್ತನೆ ಕಲ್ಲು.

"ಇದೇನತ್ತೆ, ಇವತ್ತು ಮಣ್ಣಿಂದೇ ಅಡುಗೆನಾ?"

"ಮೂಸಿ ನೋಡು. ವಾಸನೆ ಬರುತ್ತಾ?"

"ಇಲ್ಲ."

"ಮತ್ತೆ? ಬಟ್ಟೆಗೆ ಹತ್ತಿದ್ರೆ ಎಷ್ಟು ಉಜ್ಜಿದ್ರೂ ಹೋಗಲ್ಲ ಇದು. ಕಾಗದದ ಮೇಲೆ ನಿಲ್ಲಲ್ವಾ?"

ಅವಳು ಹೆಂಟೆಯನ್ನು ಒದ್ದೆ ಬೆರಳಿನಿಂದ ತಿಕ್ಕಿದಳು. ಬೆರಳು ಕೆಂಪಾಯಿತು. ಅಂದೇ ಅಟ್ಟದಿಂದ ಗಂಟು ಇಳಿಯಿತು.

ಧೂಳು ಸೊಸೆಯ ಎದೆಗೆ ಹೋದೀತೆಂದು ಕುಟ್ಟುವುದು, ಜರಡಿ ಹಿಡಿಯುವುದು ಎಲ್ಲವನ್ನೂ ಅತ್ತೆಯೇ ವಹಿಸಿಕೊಂಡರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಕೂತರೆ ಥೇಟ್ ದರೋಡೆಕೋರರೇ. ಸೊಸೆ ಆ ಪುಡಿಯನ್ನು ನೀರಿಗೆ ಕದಡಿ, ಮರಳು ತಳ ಸೇರಿದೊಡನೆ ಬಣ್ಣದ ನೀರನ್ನಷ್ಟೇ ಬಗ್ಗಿಸಿ, ಅದು ತಿಳಿಯಾದ ಮೇಲೆ ಉಳಿದ ನುಣುಪು ಗಸಿಯನ್ನು ಗೋಂದಿನ ಜೊತೆ ಗಾಜಿನ ಮೇಲೆ ಅರೆದಳು. ಬಾಟಲಿ ಮುಚ್ಚಳಗಳಲ್ಲಿ ತುಂಬಿಟ್ಟದ್ದು ಒಣಗಿದ್ದೇ ತಡ, ಬಿರುಕು ಬಿಟ್ಟಿತು.

"ನನ್ನ ಹಿಮ್ಮಡಿ ಥರಾನೇ ಆಗಿದೆ" ಎಂದರು ಅತ್ತೆ. "ಚೂರು ಜೇನುತುಪ್ಪ ಹಾಕು. ಅದು ಪೂರ್ತಿ ಒಣಗೋಕೆ ಬಿಡಲ್ಲ."

ಜೇನು ಬಿದ್ದಮೇಲೆ ಮುಚ್ಚಳದಲ್ಲಿ ಬಿಲ್ಲೆ ಬಿರುಕಿಲ್ಲದೆ ಗಟ್ಟಿಯಾಗಿ ಕೂತಿತು. ಒದ್ದೆ ಕುಂಚ ತಾಗಿಸಿದರೆ ಬಣ್ಣ ಸಲೀಸಾಗಿ ಬಿಟ್ಟುಕೊಂಡಿತು. ಅವಳು ಮೊದಲು ಬರೆದದ್ದು ಮುಖಕ್ಕೆ ಬಟ್ಟೆ ಕಟ್ಟಿ ಮಣ್ಣು ಕುಟ್ಟುತ್ತಿದ್ದ ಅತ್ತೆಯನ್ನು.

ಅತ್ತೆ ಚಿತ್ರವನ್ನು ಬೆಳಕಿಗೆ ಹಿಡಿದರು. "ನಾನು ಇಷ್ಟು ದಪ್ಪನಾ?"

ಸೊಸೆ ನಗಲು ಹೋದಳು, ಅಳು ಬಂತು. ಉಗುರುಸಂದಿಯಲ್ಲೆಲ್ಲ ಕೆಮ್ಮಣ್ಣು ಮೆತ್ತಿದ್ದ ಆ ಕೈಗಳನ್ನು ಹಿಡಿದುಕೊಂಡಳು. "ನಿಮಗೆ ಏನಂತ ಹೇಳ್ಲಿ ಅತ್ತೆ..."

"ಏನೂ ಬೇಡ. ಸೊಂಟ ಮಾತ್ರ ಸ್ವಲ್ಪ ತೆಳ್ಳಗೆ ಮಾಡು."

ಈಗ ಇಬ್ಬರೂ ಹೊರಗೆ ಹೊರಟರೆಂದರೆ ಗುಂಡಿ ತೋಡಿದ ಕಡೆಯೆಲ್ಲ ನಿಲ್ಲುತ್ತಾರೆ. ಗಂಡ ಮುಂದೆ ಮುಂದೆ ಗೊಣಗುತ್ತಾ ನಡೆಯುತ್ತಾನೆ, ಮಣ್ಣಿನ ಚೀಲ ಹೊತ್ತುಕೊಂಡು.