ಎಂಟಕ್ಕೆ ತಿರುಗಿಸಿದ ದುರ್ಬೀನು

ಪಾಳಾ ಊರಿನ ಹತ್ತಿರದ ತಾಂಡಾದಲ್ಲಿ ರೂಪ್ಲಪ್ಪನಿಗೆ ಶಿಕಾರಿಯೆಂಬ ಹೆಸರು ಹೇಗೆ ಬಂತೆಂದು ಯಾರಾದರೂ ಕೇಳಿದರೆ ಮೊದಲು ನಗುತ್ತಿದ್ದವನು ಅವನೇ. ಅವನ ಬಳಿ ಒಂದು ಕೇಪಿನ ಬಂದೂಕಿತ್ತು, ಬೇರೆಯವರ ಬಳಿ ಇರಲಿಲ್ಲ, ಅರ್ಹತೆ ಅಷ್ಟೇ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಕೂರಿಸಿ, ಉಸಿರು ಬಿಗಿಹಿಡಿಯುವ ಹೊತ್ತಿಗೆ ಮೊಲ ಸಂಸಾರ ಸಮೇತ ಬೇರೆ ಕಾಡಿಗೆ ಗುಳೆ ಹೋಗಿರುತ್ತಿತ್ತು. ಅಪ್ಪಿತಪ್ಪಿ ಸಿಕ್ಕ ಒಂದೆರಡು ಮೊಲಗಳೂ ಕಿವಿ ಕೇಳದ ಮುದಿಯವಿರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು.

ಇಂಥವನ ಗದ್ದೆಗೇ ಆ ವರ್ಷ ಒಂದು ಒಂಟಿ ಹಂದಿ ಗಂಟುಬಿತ್ತು. ಎರಡನೇ ಮಹಾಯುದ್ಧ ಶುರುವಾದ ವರ್ಷವದು. ಅವನದು ಅಜ್ಜ ಮುತ್ತಜ್ಜರ ಕಾಲದಿಂದ ಎತ್ತುಗಳ ಮೇಲೆ ಉಪ್ಪಿನ ಹೇರು ಹಾಕಿಕೊಂಡು ಊರೂರು ತಿರುಗಿದ ಮನೆತನ. ನಮ್ಮದು ಎಂದು ಹೇಳಿಕೊಳ್ಳಲು ಸಿಕ್ಕಿದ ಮೊದಲ ನೆಲ ಈ ಗದ್ದೆ. ಮುಳ್ಳುಕಂಟಿ ಕಡಿದು ಅದನ್ನು ಹಸನು ಮಾಡಿದವಳು ಹೆಂಡತಿ ಗೋಮಿಬಾಯಿ. ಭತ್ತ ಹಾಲುಗಟ್ಟಿ ತೆನೆ ಬಾಗುತ್ತಲೇ ಹಂದಿ ದಿನಾ ಸಂಜೆ ಬಂದು ಒಂದಿಷ್ಟು ತಿಂದು, ಅದರ ಮೂರರಷ್ಟು ಮಲಗಿಸಿ ಹೋಗತೊಡಗಿತು. ಗೋಮಿಬಾಯಿ ಗದ್ದೆಯಂಚಿನ ಅಟ್ಟಣಿಗೆ ಹತ್ತಿ ಕೂತು ಡಬ್ಬಿ ಬಡಿದಳು. ಹಂದಿ ಕೆಲವು ದಿನ ಹೆದರಿತು, ಆಮೇಲೆ ತಾಳಕ್ಕೆ ಸರಿಯಾಗಿ ತಿನ್ನುವುದನ್ನು ಕಲಿಯಿತು.

"ಈ ಭತ್ತ ಹೋದ್ರ ನಾ ದಾಂಡೇಲಿಗಿ ಕಟ್ಟಿಗಿ ಹೊರಾಕ ಹೋಗ್ತೇನಿ," ಎಂದಳು ಆಕೆ ಒಂದು ಬೆಳಿಗ್ಗೆ. "ಹೇರು ಹೊರೂದ ನಮ್ಮ ಹಣೇಬಾರ ಅಂದ್ರ ಹೊರೂಣು. ಗದ್ದಿ ಆಸೆ ಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ರೂಪ್ಲಪ್ಪನಿಗೆ ಅಭ್ಯಾಸವಿತ್ತು. ಇದು ಕೇಳಿ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಎದ್ದವನೇ ಮುಂಡಗೋಡಿಗೆ ಹೋಗಿ ಮರದ ವ್ಯಾಪಾರಿ ಮನ್ಸೂರನ ಮುಂದೆ ನಿಂತ. ಯುದ್ಧಕ್ಕೆಂದು ಊರು ಬಿಟ್ಟ ಒಬ್ಬ ಸಾಹೇಬನಿಂದ ಮನ್ಸೂರ ದುರ್ಬೀನು ಕೂರಿಸಿದ ಜರ್ಮನ್ ರೈಫಲ್ಲೊಂದನ್ನು ಕೊಂಡಿದ್ದ. ಕೊಂಡಾಗಿನಿಂದ ಅದು ಗೋಡೆಯ ಮೇಲೇ ಇತ್ತು.

"ಲೈಸೆನ್ಸ ನನ್ನ ಹೆಸರಿಗೆ ಐತಿ, ನಿನಗ ಕೊಟ್ಟು ಕಳಸಾಕ ಬರಾಂಗಿಲ್ಲ," ಎಂದ ಮನ್ಸೂರ. "ನಾನೂ ಬರ್ತೇನಿ. ಆದರ ಆ ಪ್ರಾಣೀನ ಹೊಡಿಯವ ನೀನ." ಹಂದಿಯ ಹೆಸರನ್ನು ಅವನು ಬಾಯಲ್ಲಿ ತರುತ್ತಿರಲಿಲ್ಲ.

ರೂಪ್ಲಪ್ಪ ದುರ್ಬೀನನ್ನು ತಿರುತಿರುಗಿಸಿ ನೋಡಿದ. ನೆತ್ತಿಯ ಮೇಲೊಂದು ಪುಟ್ಟ ಚಕ್ರ, ಅದರ ಸುತ್ತ ಒಂದರಿಂದ ಎಂಟರವರೆಗೆ ಅಂಕಿ. ಪಕ್ಕೆಯ ಮೇಲೆ ಸಣ್ಣಗೆ ಕೊರೆದ ಒಂದು ನಾಲ್ಕು, ಅದಕ್ಕೆ ಅಂಟಿಕೊಂಡು ಗುಣಾಕಾರದ ಗುರುತು.

"ಇದೇನ್ರಿ ಸಾವ್ಕಾರ್ರ?"

ಮನ್ಸೂರನ ಆಯುಷ್ಯವೆಲ್ಲ ದಿಮ್ಮಿಗಳ ನಡುವೆ ಕಳೆದಿತ್ತು. ದಿಮ್ಮಿಯ ಮೇಲಿನ ಅಂಕಿ ದೊಡ್ಡದಾದಷ್ಟೂ ದಿಮ್ಮಿ ದಪ್ಪ. ಪಕ್ಕದಲ್ಲಿ ಸುತ್ತಿಗೆಯಿಂದ ಒತ್ತಿದ ಗೀಟು ಮಾಲಕನ ಗುರುತು. ಕಾಡಿನಿಂದ ಡಿಪೋದವರೆಗೆ ನಡೆಯುವ ಈ ಕಾಯಿದೆ ಜರ್ಮನಿಯಲ್ಲಿ ಬೇರೆ ಯಾಕಿರಬೇಕು?

"ಪಕ್ಕದ್ದು ಮಾಡಿದಾತನ ಗುರ್ತು, ಅದನ್ನ ಬಿಡು. ಚಕ್ರ ನೋಡು. ಒಂದಕ್ಕ ಇಟ್ರ ಇದ್ದಷ್ಟ ಕಾಣ್ತೈತಿ, ಎಂಟಕ್ಕ ಇಟ್ರ ಎಂಟು ಪಟ್ಟು."

ನಿಜ ಸಂಗತಿ ಪೂರ್ತಿ ಉಲ್ಟಾ ಇತ್ತು. ಪಕ್ಕೆಯ ಮೇಲಿನ ಆ ಬಡಪಾಯಿ ನಾಲ್ಕೇ ದುರ್ಬೀನಿನ ಶಕ್ತಿ. ಯಾವಾಗ ನೋಡಿದರೂ ನಾಲ್ಕು ಪಟ್ಟು, ಹೆಚ್ಚಿಲ್ಲ ಕಮ್ಮಿಯಿಲ್ಲ. ಚಕ್ರದ ಮೇಲಿನದು ದೂರದ ಲೆಕ್ಕ, ಅಂಕಿಗೆ ನೂರು ಮೀಟರು. ಎಂಟಕ್ಕಿಟ್ಟರೆ ಎಂಟುನೂರು ಮೀಟರಾಚೆಗೆ ಮುಟ್ಟಲೆಂದು ಗುಂಡು ಮೇಲೇರಿ ಹೊರಡುತ್ತದೆ, ಹತ್ತಿರ ನಿಂತದ್ದರ ಬೆನ್ನ ಮೇಲಿಂದ ಹಾರುತ್ತದೆ. ಬೆಳಗಾವಿಯ ಬಂದೂಕಿನ ಅಂಗಡಿಯವನು ಇದನ್ನೆಲ್ಲ ಮನ್ಸೂರನಿಗೆ ಬಿಡಿಸಿ ಹೇಳಿ ಹೊಟ್ಟೆ ಹಿಡಿದು ನಕ್ಕದ್ದು ಎಲ್ಲ ಮುಗಿದ ಮೇಲೆ.

ಮನ್ಸೂರನೊಡನೆ ತಾಂಡಾಕ್ಕೆ ಬಂದು ರೂಪ್ಲಪ್ಪ ಚಕ್ರವನ್ನು ಒಂದಕ್ಕಿಟ್ಟು ನೋಡಿದ. ಮತ್ತಿಮರದ ಕೊಂಬೆ ಕಂಡಿತು. ಎಂಟಕ್ಕೆ ತಿರುಗಿಸಿದ. ಅದೇ ಕೊಂಬೆ, ಅಷ್ಟೇ ದಪ್ಪ. ಆದರೆ ಅರ್ಧ ತಾಂಡಾ ಸುತ್ತ ನಿಂತು ಅವನ ಮುಖವನ್ನೇ ನೋಡುತ್ತಿತ್ತು. ಶಿಕಾರಿಯಾದವನು ಏನೂ ಕಾಣಲಿಲ್ಲ ಎನ್ನುವುದು ಹೇಗೆ? "ಅಬಬಬ," ಎಂದ. ಪಕ್ಕದ ಮನೆಯ ಭೀಮಸಿಂಗ್ ಇಣುಕಿ, ಕೊಂಬೆಯ ಮೇಲಿನ ಇರುವೆ ಕಾಣುತ್ತದೆಂದ. ಮುದುಕಿ ನಾನಿಬಾಯಿ ಇಣುಕಿ, ಇರುವೆ ಬಸುರಿ ಎಂದಳು. ಗೋಮಿಬಾಯಿ ಮಾತ್ರ ಎರಡೂ ಸಲ ನೋಡಿ, "ಎಲ್ಲೈತಿ ಫರಕು?" ಎಂದು ಕೇಳಿದಳು.

"ನಿನಗ ನೋಡಾಕ ಬರಾಂಗಿಲ್ಲ ಬಿಡು," ಎಂದ ರೂಪ್ಲಪ್ಪ. ಆ ಹೊತ್ತಿಗಾಗಲೇ ಅವನಿಗೂ ಬಸುರಿ ಇರುವೆ ಕಾಣತೊಡಗಿತ್ತು.

ಸಂಜೆ ಅವನೂ ಮನ್ಸೂರನೂ ಗದ್ದೆಯ ಈಚೆ ಬಿದಿರುಮೆಳೆಯ ಹಿಂದೆ ಕೂತರು. ಗೋಮಿಬಾಯಿ ಎಂದಿನಂತೆ ಆಚೆ ಅಂಚಿನ ಅಟ್ಟಣಿಗೆಯ ಮೇಲಿದ್ದಳು. ಇವತ್ತು ಡಬ್ಬಿ ಬಡಿಯಬೇಡವೆಂದು ಅವನು ಅಪ್ಪಣೆ ಮಾಡಿದ್ದ. ಹೊತ್ತು ಮುಳುಗುವಾಗ ಎಡಗಡೆಯ ಕಾಡಿನಿಂದ ಹಂದಿ ಇಳಿಯಿತು. ರೂಪ್ಲಪ್ಪ ದುರ್ಬೀನಿಗೆ ಕಣ್ಣಿಟ್ಟ. ಅಯ್ಯಯ್ಯೋ, ಏನು ಹಂದಿ ಅದು! ಕೋರೆ, ಕೆಸರು ಮೆತ್ತಿದ ಕೂದಲು, ಭತ್ತ ಅಗಿಯುವ ದವಡೆ, ಗಾಜಿನ ತುಂಬ ಹಂದಿಯೇ. ಇಂಥದ್ದಕ್ಕೆ ಕುರುಡನೂ ಗುರಿ ತಪ್ಪಲಾರ ಎಂದು ಅವನ ಎದೆ ಉಬ್ಬಿತು. ಹಂದಿ ತಿನ್ನುತ್ತ ತಿನ್ನುತ್ತ ಬಲಕ್ಕೆ ಸರಿಯಿತು. ಅವನ ನಳಿಗೆಯೂ ಅದರ ಬೆನ್ನು ಹತ್ತಿ ಬಲಕ್ಕೆ ಸರಿಯಿತು. ಗಾಜಿನ ಆಚೆ ಗದ್ದೆ ಎಲ್ಲಿ, ಅಂಚು ಎಲ್ಲಿ, ಅವನಿಗೆ ಲಕ್ಷ್ಯವೇ ಇರಲಿಲ್ಲ. ಹಂದಿ ನಿಂತಿತು. ಅವನು ಬಂದೂಕಿನ ಕುದುರೆ ಎಳೆದ.

ಹಂದಿ ಬೀಳಲಿಲ್ಲ, ಕಾಡಿಗೆ ಓಡಿತು. ಅದರ ಹಿಂದೆಲ್ಲೋ ಕಟ್ಟಿಗೆ ಸೀಳಿದ ಸದ್ದಾಯಿತು. ರೂಪ್ಲಪ್ಪ ಗಾಜಿನಿಂದ ಕಣ್ಣೆತ್ತಿದ. ಹಂದಿ ನಿಂತಿದ್ದ ಜಾಗದ ನೇರಕ್ಕೆ ಅಟ್ಟಣಿಗೆ ಇತ್ತು. ಅದರ ಒಂದು ಕಂಬ ಸೀಳಿ, ಮೇಲಿನ ಹಲಗೆ ಓರೆಯಾಗಿ, ಗೋಮಿಬಾಯಿ ಇನ್ನೊಂದು ಕಂಬವನ್ನು ತಬ್ಬಿಕೊಂಡಿದ್ದಳು. ಸೀಳಿದ ಜಾಗ ಅವಳ ಪಾದದಿಂದ ಒಂದು ಗೇಣು ಕೆಳಗಿತ್ತು.

"ಯಾ ಅಲ್ಲಾ," ಎಂದು ಮನ್ಸೂರ ಅಲ್ಲೇ ಕುಸಿದ. ರೂಪ್ಲಪ್ಪ ಕೆಸರಿನಲ್ಲಿ ಬೀಳುತ್ತ ಏಳುತ್ತ ಓಡಿದ. ಗೋಮಿಬಾಯಿ ತಾನೇ ಇಳಿದು ಬಂದು ಬದುವಿನ ಮೇಲೆ ಕೂತಿದ್ದಳು. ಅವನ ನಾಲಿಗೆ ತೊದಲಿತು.

"ಎಂಟಕ್ಕ ಇಟ್ಟಿದ್ದೆ, ಗೋಮಿ... ಹಂದಿ ಎಷ್ಟು ದೊಡ್ಡದು ಕಾಣ್ತಿತ್ತಂದ್ರ..."

"ಹಂದಿ ಎಂಟು ಪಟ್ಟು ಕಂಡ್ತು," ಎಂದಳು ಆಕೆ ಮೆಲ್ಲಗೆ. "ನಾ ಇದ್ದಷ್ಟರೆ ಕಾಣಲಿಲ್ಲೇನು?"

ಶಿಕಾರಿ ಬಗ್ಗಿ, ಅವಳ ಕಾಲಿಗೆ ಮೆತ್ತಿದ ಕೆಸರನ್ನು ಧೋತರದ ತುದಿಯಿಂದ ಒರೆಸತೊಡಗಿದ.

ಗುಂಡಿನ ಸದ್ದಿಗೋ ಏನೋ, ಹಂದಿ ಮತ್ತೆ ಆ ಕಡೆ ಸುಳಿಯಲಿಲ್ಲ. ಉಳಿದ ಭತ್ತ ಮನೆಗೆ ಬಂತು. ಗೋಮಿಬಾಯಿ ದಾಂಡೇಲಿಗೆ ಹೋಗಲಿಲ್ಲ. ಚಕ್ರದ ಕಥೆಯನ್ನು ರೂಪ್ಲಪ್ಪ ಕಟ್ಟೆಯ ಮೇಲೆ ಕೂತು ತಾನೇ ಹೇಳಿ, ಇರುವೆಯ ಬಾಣಂತನದವರೆಗೂ ಎಳೆದು, ಎಲ್ಲರನ್ನೂ ನಗಿಸತೊಡಗಿದ. ಹಂದಿ ಓಡಿತು ಎನ್ನುವಲ್ಲಿಗೆ ನಿಲ್ಲಿಸಿಬಿಡುತ್ತಿದ್ದ.

ಹೊಸ ಅಕ್ಕಿಯ ಮೊದಲ ಅನ್ನ ಬಡಿಸಿದ ದಿನ ಅವನು ತಾಟಿಗೆ ಕೈ ಹಾಕಲಿಲ್ಲ.

"ಇಲ್ಲ ಗೋಮಿ," ಎಂದ ತಲೆಯೆತ್ತದೆ. "ಅವತ್ತು ನೀ ಕಾಣಲಿಲ್ಲ."

"ಗೊತ್ತೈತಿ," ಎಂದು ಆಕೆ ಇನ್ನೊಂದು ಸೌಟು ಹಾಕಿದಳು. "ಉಣ್ಣು."