ಕಡ್ಡಿಯ ಪಥ್ಯ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಟೇಲರಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಅಗಲವಾದ ಕಿಟಕಿ, ಅದರ ಕೆಳಗೆ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ತೂಗುವ ಅರೆಹೊಲಿದ ಅಂಗಿಗಳು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು. ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಫೋನು. ಉಳಿದಂತೆ ಆ ಮನೆಯಲ್ಲಿದ್ದವರು ಮೂವರು: ಅವಳು, ಅವಳ ಅತ್ತೆ, ಮತ್ತು ಕಡ್ಡಿ.

ಅತ್ತೆಯೇ ಅವಳಿಗೆ ಹೊಲಿಗೆ ಕಲಿಸಿದ್ದು. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಅವಳಿಗೆ ಬರುತ್ತಿರಲಿಲ್ಲ. ಅತ್ತೆ ಹಳೆಯ ಹಾಸಿಗೆಬಟ್ಟೆಗಳನ್ನು ಕೊಟ್ಟು, ಹೊಲಿಸಿ, ಬಿಚ್ಚಿಸಿ, ಮತ್ತೆ ಹೊಲಿಸಿ, ಕೈ ಪಳಗಿದ ಮೇಲೆ ತಮ್ಮ ಮಿಷನ್ನಿನಿಂದ ಎದ್ದು ಸೊಸೆಯನ್ನು ಕೂರಿಸಿದ್ದರು. ಈಗ ಎಂಬತ್ತರ ಹತ್ತಿರ. ಕಾಲಿಗೆ ಮಿಷನ್ ತುಳಿಯುವ ಶಕ್ತಿ ಇಲ್ಲ, ಆದರೆ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಅಂಗಿಗಳಿಗೆ ಗುಂಡಿ ಹಾಕುತ್ತಾರೆ. ಅವರು ಹಾಕಿದ ಗುಂಡಿ ಅಂಗಿ ಹರಿದರೂ ಕಿತ್ತು ಬರುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು.

ಕಡ್ಡಿ ಎಂದರೆ ನಾಯಿ. ಏಳು ವರ್ಷದ ಹಿಂದೆ ಗಂಡ ಹೆದ್ದಾರಿಯ ಬದಿಯಿಂದ ಎತ್ತಿಕೊಂಡು ಬಂದಾಗ ಮರಿ ನಾಲ್ಕು ಕಡ್ಡಿಗೆ ಚರ್ಮ ಸುತ್ತಿದ ಹಾಗಿತ್ತು. ಹೆಸರು ಹಾಗೇ ಉಳಿಯಿತು, ನಾಯಿ ಹಾಗೆ ಉಳಿಯಲಿಲ್ಲ. ಬೆನ್ನು ಎಷ್ಟು ಚಪ್ಪಟೆಯಾಗಿ ಹರಡಿಕೊಂಡಿತ್ತೆಂದರೆ ಮೇಲೊಂದು ಟೀ ಲೋಟ ಇಡಬಹುದಿತ್ತು. ಹೊಸಬರು ಯಾರಾದರೂ ಹೆಸರು ಕೇಳಿ ನಕ್ಕರೆ ಅತ್ತೆಗೆ ಕೋಪ ಬರುತ್ತಿತ್ತು. "ಅದರ ಮೂಳೆ ದಪ್ಪ" ಎನ್ನುತ್ತಿದ್ದರು.

ಒಂದು ಬೆಳಗ್ಗೆ ಹೊರಗೆ ಹೋಗಿದ್ದ ಕಡ್ಡಿ ಮನೆಯ ಮುಂದಿನ ಮೆಟ್ಟಿಲು ಹತ್ತಲಾಗದೆ ನಡುವಿನ ಮೆಟ್ಟಿಲಲ್ಲಿ ಕೂತುಬಿಟ್ಟಿತು. ಯಾರೋ ಇಳಿಸಿ ಮರೆತುಹೋದ ಗಂಟಿನ ಹಾಗೆ ಕೂತು, ಏದುಸಿರು ಬಿಡುತ್ತ ಬಾಗಿಲನ್ನೇ ನೋಡುತ್ತಿತ್ತು. ಟೇಲರಕ್ಕ ಎತ್ತಲು ಹೋದಳು, ನಡು ಹಿಡಿದುಕೊಂಡಿತು. ಕೊನೆಗೆ ಎದುರು ಸಾಲಿನ ಬೇಕರಿಯವನನ್ನು ಕೂಗಿ ಕರೆದು, ಇಬ್ಬರೂ ಸೇರಿ ಒಳಗೆ ತಂದರು. ಅವತ್ತೇ ಮಧ್ಯಾಹ್ನ ಅಂಗಡಿ ಮುಚ್ಚಿ, ಆಟೋದಲ್ಲಿ ಹಾಕಿಕೊಂಡು ನಾಯಿ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ತೂಕ ನೋಡಿದರು, ಪಕ್ಕೆಲುಬು ಹುಡುಕಿದರು, ಸಿಗಲಿಲ್ಲ. ಹದಿನೆಂಟು ಕಿಲೋ ಇರಬೇಕಾದ ನಾಯಿ ಇಪ್ಪತ್ತೇಳು ಕಿಲೋ ಇತ್ತು.

"ಏನು ಹಾಕ್ತೀರಿ ಇದಕ್ಕೆ?"

"ಜಾಸ್ತಿ ಏನಿಲ್ಲ ಡಾಕ್ಟ್ರೇ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ."

"ಮಧ್ಯೆ?"

"ಮಧ್ಯೆ ಏನೂ ಇಲ್ಲ." ಟೇಲರಕ್ಕ ಸ್ವಲ್ಪ ಯೋಚಿಸಿದಳು. "ಬೇಕರಿಯವರು ಬ್ರೆಡ್ಡಿನ ತುದಿ ಹಾಕ್ತಾರೆ. ಗಿರಾಕಿಗಳು ಬಂದಾಗ ಬಿಸ್ಕತ್ತು ತರ್ತಾರೆ. ನಾನು ಟೀ ಕುಡಿಯೋವಾಗ ಒಂದೆರಡು ಕೇಳುತ್ತೆ, ಕೊಡದೆ ಇರೋಕಾಗಲ್ಲ."

"ಡಬ್ಬದ ಮುಚ್ಚಳ ತೆಗೆಯೋಕೆ ನಾಯಿಗೆ ಬರಲ್ಲಮ್ಮ" ಎಂದರು ಡಾಕ್ಟರಮ್ಮ. "ಯಾರೋ ತೆಗೆದುಕೊಟ್ಟಿದ್ದಕ್ಕೇ ಅದು ತಿಂದಿದೆ."

ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಏನೂ ಸಿಗಲಿಲ್ಲ. ಕಾಯಿಲೆ ಬಟ್ಟಲಿನಲ್ಲೇ ಇತ್ತು. ದಿನಾ ಒಂದೇ ಲೋಟದಲ್ಲಿ ಅಳೆದು ಹಾಕಬೇಕು. ಅನ್ನ ಕಡಿಮೆ ಮಾಡಿ, ಬೇಯಿಸಿದ ಕೋಳಿಮಾಂಸ, ಸಿಹಿಗುಂಬಳ, ಹುರುಳಿಕಾಯಿ ಹೆಚ್ಚಿಸಬೇಕು. ಉಪ್ಪು, ಎಣ್ಣೆ, ಈರುಳ್ಳಿ ಸೋಕಬಾರದು. ತೀರಾ ಆಸೆಪಟ್ಟರೆ ಒಂದು ತುಂಡು ಕ್ಯಾರೆಟ್. "ಹಾಗಂತ ಒಮ್ಮೆಲೇ ಉಪವಾಸ ಕೆಡವಬೇಡಿ. ನಿಧಾನಕ್ಕೆ ಬಂದ ಬೊಜ್ಜು ನಿಧಾನಕ್ಕೇ ಹೋಗಬೇಕು" ಎಂದು ಡಾಕ್ಟರಮ್ಮ ಎರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದು ಹೇಳಿದಾಗ ಅತ್ತೆಯ ಕೈಯಲ್ಲಿದ್ದ ಸೂಜಿ ನಿಂತಿತು. "ಬಾಯಿ ಇಲ್ಲದ ಪ್ರಾಣಿ. ಅದರ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ತೀಯಾ?"

"ಬಾಯಿ ಇರೋದೇ ತೊಂದರೆ ಆಗಿರೋದು ಅತ್ತೆ" ಎಂದಳು ಟೇಲರಕ್ಕ.

ಅವಳು ಹಿಡಿದ ಕೆಲಸ ಬಿಡುವವಳಲ್ಲ. ಬೇಕರಿಯವನಿಗೆ ಹೋಗಿ ಹೇಳಿದಳು. ಗಿರಾಕಿಗಳಿಗೆ, "ಪ್ರೀತಿ ಇದ್ರೆ ತಲೆ ಸವರಿ, ಬಾಯಿಗೆ ಏನೂ ಹಾಕ್ಬೇಡಿ" ಎಂದಳು. ತಾನೂ ಟೀ ಜೊತೆ ಬಿಸ್ಕತ್ತು ತಿನ್ನುವುದನ್ನು ಬಿಟ್ಟಳು. ಕಡ್ಡಿ ಬಟ್ಟಲನ್ನು ನೆಕ್ಕಿ ನೆಕ್ಕಿ, ಅದನ್ನು ನೆಲದ ಮೇಲೆ ತಳ್ಳಿಕೊಂಡು ಅಂಗಡಿಯವರೆಗೂ ತಂದು ಅವಳ ಕಾಲ ಬಳಿ ಇಟ್ಟು ನೋಡುತ್ತಿತ್ತು. ಅವಳು ಮಿಷನ್ನಿನ ಕಡೆಗೆ ಮುಖ ತಿರುಗಿಸಿ ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ತಿಂಗಳ ಮೇಲೆ ಮತ್ತೆ ತೂಕ ಮಾಡಿಸಿದರೆ, ಇಳಿಯುವುದಿರಲಿ, ಅರ್ಧ ಕಿಲೋ ಏರಿತ್ತು.

"ಯಾರೋ ಹಾಕ್ತಿದ್ದಾರೆ" ಎಂದರು ಡಾಕ್ಟರಮ್ಮ.

ಟೇಲರಕ್ಕ ನೇರ ಬೇಕರಿಗೆ ಹೋದಳು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರು. ಅವರ ಎದುರಿಗೇ, "ಅಷ್ಟು ಹೇಳಿದ್ರೂ ನಿಮಗೆ ಕೇಳಿಸಲಿಲ್ವಾ?" ಎಂದುಬಿಟ್ಟಳು. ಬೇಕರಿಯವನ ಮುಖ ಸಣ್ಣದಾಯಿತು. "ನನ್ನ ಅನ್ನದ ಆಣೆ ಅಕ್ಕ, ಒಂದು ಚೂರು ಹಾಕಿಲ್ಲ. ಅದು ಬಂದು ನಿಂತ್ರೆ ನಾನೇ ಒಳಗೆ ಹೋಗ್ಬಿಡ್ತೀನಿ. ಅದರ ಕಣ್ಣು ನೋಡಿ ನಿಲ್ಲೋಕಾಗಲ್ಲ." ಅವಳು ನಂಬಲಿಲ್ಲ. ಆಮೇಲೆ ಕೆಲವು ದಿನ ಇಬ್ಬರೂ ಎದುರುಬದುರು ಕಂಡರೂ ಕಾಣದ ಹಾಗೆ ಓಡಾಡಿದರು.

ಚಳಿ ಶುರುವಾಯಿತು. ಗಿರಾಕಿಯೊಬ್ಬರ ಕೋಟಿಗೆ ತಂದಿದ್ದ ಉಣ್ಣೆ ಬಟ್ಟೆ ಒಂದಿಷ್ಟು ಉಳಿದಿತ್ತು. ಬೇಕಿದ್ದರೆ ಇಟ್ಟುಕೋ ಎಂದಿದ್ದರು ಅವರು. ಅತ್ತೆಗೊಂದು ಬೆಚ್ಚನೆಯ ಮೇಲಂಗಿ ಹೊಲಿಯೋಣ ಎಂದುಕೊಂಡಳು. ಅತ್ತೆಯ ಅಳತೆ ಅವಳಿಗೆ ಬಾಯಿಪಾಠ. ಆದರೂ ಉಣ್ಣೆ ಬಟ್ಟೆ, ತಪ್ಪಿದರೆ ಮತ್ತೆ ಸಿಗುವುದಿಲ್ಲವೆಂದು ಟೇಪು ಹಿಡಿದಳು. ಎದೆಯ ಸುತ್ತಳತೆಯಲ್ಲಿ ಮೂರು ಇಂಚು ಕಡಿಮೆ ಬಂತು. ಟೇಪು ಜಾರಿರಬೇಕೆಂದು ಮತ್ತೆ ಸುತ್ತಿದಳು. ಅಷ್ಟೇ ಬಂತು. ತೋಳು ಹಿಡಿದು ನೋಡಿದರೆ ಬಟ್ಟೆಯೊಳಗೆ ಎಲುಬೇ ಕೈಗೆ ಸಿಕ್ಕಿತು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಸೊಂಟದ ಅಳತೆ ಹೇಳುವವಳು ಅವಳು. ಆದರೆ ದಿನಾ ಪಕ್ಕದಲ್ಲೇ ಕೂರುವವರನ್ನು ಯಾರು ಅಳೆಯುತ್ತಾರೆ?

ಅವಳ ಕಣ್ಣು ಅತ್ತೆಯ ಕುರ್ಚಿಯ ಕೆಳಗೆ ಹೋಯಿತು. ಅಲ್ಲಿ ಕಡ್ಡಿ ನಿಶ್ಚಿಂತೆಯಿಂದ ಮಲಗಿತ್ತು.

ಮಧ್ಯಾಹ್ನ ಗಿರಾಕಿಗಳ ಗಲಾಟೆ ಇರುತ್ತದೆಂದು ಅತ್ತೆಗೆ ಹಿಂದಿನ ಅಡುಗೆಮನೆಯಲ್ಲಿ ಬಡಿಸಿಟ್ಟು ಬರುವುದು ಅವಳ ರೂಢಿ. ತಾನು ಆಮೇಲೆ, ಬಿಡುವಾದಾಗ. ಮರುದಿನ ಬಡಿಸಿ ಬಂದವಳು ಸ್ವಲ್ಪ ಹೊತ್ತು ಬಿಟ್ಟು ಮಿಷನ್ ನಿಲ್ಲಿಸಿ ಒಳಗೆ ಹೋದಳು. ಅತ್ತೆ ರೊಟ್ಟಿಯ ಒಂದು ತುಂಡು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಒಂದೇ ಕಡೆಯಿಂದ ಬಹಳ ಹೊತ್ತು ಅಗಿಯುತ್ತಿದ್ದರು. ಅದು ನುಂಗಲಾರದ ತುತ್ತು ಎಂದು ಮುಖವೇ ಹೇಳುತ್ತಿತ್ತು. ಉಳಿದದ್ದು ಒಂದೊಂದಾಗಿ ಮೇಜಿನ ಕೆಳಗೆ ಹೋಗುತ್ತಿತ್ತು.

"ಅತ್ತೆ."

ಅತ್ತೆಯ ಕೈ ಅಲ್ಲೇ ನಿಂತಿತು. ಕಡ್ಡಿ ಮಾತ್ರ ತುಂಡನ್ನು ಬೆರಳ ಸಂದಿಯಿಂದ ಮೆಲ್ಲಗೆ ತೆಗೆದುಕೊಂಡಿತು.

"ಎಷ್ಟು ದಿನದಿಂದ ಹೀಗೆ?"

"ಹಲ್ಲಿನ ಸೆಟ್ಟು ಸಡಿಲ ಆಗಿದೆ ಕಣೇ. ಅಗಿದ್ರೆ ವಸಡು ಉರಿಯುತ್ತೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನನಗೆ ಅಂತ ಬೇರೆ ಅಡುಗೆ ಮಾಡ್ತಿದ್ದೆ. ಬೆಳಗ್ಗೆಯಿಂದ ಮಿಷನ್ ತುಳಿಯೋಳು, ಅದರ ಮೇಲೆ ಇದೊಂದು. ತಟ್ಟೆ ಹಾಗೇ ವಾಪಸ್ ಕಳಿಸೋಕೂ ಮನಸ್ಸು ಬರಲಿಲ್ಲ. ಇದು ಬಂದು ಕೂತ್ಕೊಳ್ತು, ಇದಕ್ಕೆ ಹಾಕ್ದೆ." ಅತ್ತೆ ನಾಯಿಯ ತಲೆ ಸವರುತ್ತ, "ತಟ್ಟೆ ಖಾಲಿ ಆದ್ರೆ ನೀನೂ ಖುಷಿಯಾಗಿರ್ತಿದ್ದೆ" ಎಂದರು.

ಟೇಲರಕ್ಕನಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು. ಅಷ್ಟರಲ್ಲಿ ಕಡ್ಡಿ ಮೇಜಿನ ಕೆಳಗಿನಿಂದ ತಲೆ ಹೊರಹಾಕಿ, ಊಟ ಯಾಕೆ ನಿಂತಿತು ಎಂಬಂತೆ ಇಬ್ಬರ ಮುಖವನ್ನೂ ನೋಡಿತು. ಅವಳಿಗೆ ನಗು ಬಂತು. ಅತ್ತೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅವತ್ತು ಸಂಜೆಯೇ ಹಲ್ಲಿನ ಡಾಕ್ಟರಿಗೆ ತೋರಿಸಿದರು. ಹೊಸ ಸೆಟ್ಟು ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಮೆತ್ತನೆಯದು ಕೊಡಿ ಎಂದರು. ಬರುವ ದಾರಿಯಲ್ಲಿ ಟೇಲರಕ್ಕ ಬೇಕರಿಯ ಮುಂದೆ ನಿಂತಳು. ಮೂರು ಜನ ಗಿರಾಕಿಗಳಿದ್ದರು. ನಡೆದದ್ದು ಹೇಳಿ, ಎಲ್ಲರ ಎದುರಿಗೆ ಬೈದಿದ್ದನ್ನು ಎಲ್ಲರ ಎದುರಿಗೇ ವಾಪಸ್ ತೆಗೆದುಕೊಂಡಳು. ಬೇಕರಿಯವನು, "ಬಿಡಿ ಅಕ್ಕ, ಕಳ್ಳಿ ಮನೆಯಲ್ಲೇ ಸಿಕ್ಕಳಲ್ಲ" ಎಂದು ಅತ್ತೆಯ ಕಡೆ ನೋಡಿ ನಕ್ಕ. ಅತ್ತೆ ಅವನ ಗಾಜಿನ ಪೆಟ್ಟಿಗೆಯೊಳಗಿನ ಕೇಕುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಿದ್ದರು.

ಮರುದಿನದಿಂದ ಒಲೆಯ ಮೇಲೆ ಒಂದೇ ಪಾತ್ರೆ. ಕೋಳಿ, ಸಿಹಿಗುಂಬಳ, ಹುರುಳಿಕಾಯಿ ಮೆತ್ತಗೆ ಬೆಂದ ಮೇಲೆ ಕಡ್ಡಿಯ ಪಾಲನ್ನು ಅಳೆದು ತೆಗೆದಿಡುವುದು. ಉಳಿದದ್ದಕ್ಕೆ ಉಪ್ಪು, ಮೆಣಸು, ಒಂದು ದೊಡ್ಡ ಚಮಚ ಬೆಣ್ಣೆ ಹಾಕಿ ಮಸೆದರೆ ಅತ್ತೆಯದು.

"ಕೊನೆಗೆ ನಾಯಿಗೂ ನನಗೂ ಒಂದೇ ಅಡುಗೆ ಆಯ್ತು" ಎಂದರು ಅತ್ತೆ, ಮೊದಲ ದಿನ.

"ಮೊದಲೂ ಒಂದೇ ಇತ್ತಲ್ಲ ಅತ್ತೆ. ಅದು ತಿಂತಿತ್ತು, ನೀವು ನೋಡ್ತಿದ್ರಿ."

ಅತ್ತೆ ತಟ್ಟೆ ಖಾಲಿ ಮಾಡಿದರು. ಟೇಲರಕ್ಕ ಈಗ ಮಧ್ಯಾಹ್ನ ಅಂಗಡಿಯ ಬಾಗಿಲು ಅಡ್ಡ ಮಾಡಿ ಅವರ ಎದುರಿಗೆ ಕೂತು ತಾನೂ ಉಣ್ಣುತ್ತಿದ್ದಳು. ಇಷ್ಟು ವರ್ಷ ಅವಳ ಊಟವೆಂದರೆ ಕತ್ತರಿಸುವ ಮೇಜಿನ ತುದಿಯಲ್ಲಿ ನಿಂತು ಮುಗಿಸುವ ನಾಲ್ಕು ತುತ್ತು. ಗಿರಾಕಿಗಳು ಸ್ವಲ್ಪ ಗೊಣಗಿದರು, ಆಮೇಲೆ ಅಭ್ಯಾಸ ಮಾಡಿಕೊಂಡರು.

ಕಡ್ಡಿಯ ಬಟ್ಟಲನ್ನು ಅಳೆಯುವ ಕೆಲಸವನ್ನು ಅವಳು ಅತ್ತೆಗೇ ವಹಿಸಿದಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಎಂದು ಫೋನಿನಲ್ಲಿ ಗಂಡ ನಕ್ಕ. ಆದರೆ ಅತ್ತೆ ಒಮ್ಮೆ ಕಾವಲು ನಿಂತ ಮೇಲೆ ಬೀದಿಯೇ ನಡುಗಿತು. ಲೋಟವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಮಟ್ಟ ಮಾಡಿ, ಹೆಚ್ಚಾದ ಒಂದು ಹುರುಳಿಕಾಯಿಯನ್ನೂ ವಾಪಸ್ ಪಾತ್ರೆಗೆ ಹಾಕುತ್ತಿದ್ದರು. ಬಿಸ್ಕತ್ತು ತಂದ ಗಿರಾಕಿಗೆ, "ಇದಕ್ಕೆ ವಿಷ ಹಾಕ್ಬೇಡಪ್ಪ, ಇಲ್ಲಿ ಕೊಡು" ಎಂದು ಇಸಿದುಕೊಂಡು, ಟೀಯಲ್ಲಿ ಅದ್ದಿ ತಾವೇ ತಿಂದುಬಿಡುತ್ತಿದ್ದರು. ಸಂಜೆ ಕಡ್ಡಿಯನ್ನು ಹಿಡಿದುಕೊಂಡು ಬೀದಿಯ ಕೊನೆಯ ನಲ್ಲಿಯವರೆಗೆ ಹೋಗಿ ಬರುತ್ತಿದ್ದರು. ಇಬ್ಬರದೂ ಒಂದೇ ನಡಿಗೆ. ಒಬ್ಬರಿಗೆ ಸುಸ್ತಾದಾಗ ಇನ್ನೊಬ್ಬರೂ ನಿಲ್ಲುತ್ತಿದ್ದರು.

ತೂಕ ನಿಧಾನಕ್ಕೆ ಇಳಿಯಿತು. ಒಂದು ತಿಂಗಳು ಒಂದು ಕಿಲೋ, ಮುಂದಿನ ತಿಂಗಳು ಇನ್ನೂ ಸ್ವಲ್ಪ. ಒಂದು ಬಾರಿ ಏನೂ ಇಳಿಯದೆ ಅತ್ತೆ ಡಾಕ್ಟರಮ್ಮನ ತಕ್ಕಡಿಯ ಮೇಲೇ ಅನುಮಾನಪಟ್ಟರು. ಬೇಸಗೆ ಬರುವಷ್ಟರಲ್ಲಿ ಡಾಕ್ಟರಮ್ಮನ ಬೆರಳಿಗೆ ಪಕ್ಕೆಲುಬು ಸಿಕ್ಕಿತು. ಮನೆಯಲ್ಲಿ ಒಂದು ಬೆಳಗ್ಗೆ ಕಡ್ಡಿ ಕೂತಲ್ಲೇ ಹಿಂಗಾಲೆತ್ತಿ ತನ್ನ ಕಿವಿಯನ್ನು ತಾನೇ ಕೆರೆದುಕೊಂಡಿತು. ಎಷ್ಟೋ ಕಾಲದಿಂದ ಆ ಕಾಲು ಅಲ್ಲಿಗೆ ತಲುಪಿರಲಿಲ್ಲ. ಅದು ಕೆರೆದುಕೊಂಡೇ ಕೆರೆದುಕೊಂಡಿತು. ಟೇಲರಕ್ಕ ಕತ್ತರಿ ಕೆಳಗಿಟ್ಟು ಅದು ಮುಗಿಸುವವರೆಗೂ ನೋಡುತ್ತ ಕೂತಳು.

ಅತ್ತೆಯ ಉಣ್ಣೆ ಮೇಲಂಗಿಯನ್ನು ಅವಳು ಹೊಸ ಅಳತೆಗೆ ಹೊಲಿದಿರಲಿಲ್ಲ. ಹಳೆಯ ಅಳತೆಗೇ ಹೊಲಿದು, ಒಳಗಿನಿಂದ ಮೂರು ಇಂಚು ಮಡಿಚಿ, ಸಡಿಲ ಹೊಲಿಗೆ ಹಾಕಿಟ್ಟಿದ್ದಳು. ಚಳಿ ಮುಗಿಯುವ ಮೊದಲೇ ಒಂದು ಬದಿಯ ಹೊಲಿಗೆ ಬಿಚ್ಚಬೇಕಾಯಿತು.

ಬಹಳ ದಿನಗಳ ಮೇಲೆ ಗಂಡ ಲಾರಿ ನಿಲ್ಲಿಸಿ ಮನೆಗೆ ಬಂದ. ಬಾಗಿಲಲ್ಲಿ ಹಾರಿ ಎದೆಗೆ ಕಾಲಿಟ್ಟ ನಾಯಿಯನ್ನು ಕಂಡು, "ಇದ್ಯಾರ ಮನೆ ನಾಯಿ?" ಎಂದ. ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಒಂದು ತುಂಡು ಮುರಿದು ಕೈಯನ್ನು ಮೇಜಿನ ಕೆಳಗೆ ಇಳಿಸಿದ. ಅತ್ತೆ ಚಮಚದಿಂದ ಅವನ ಮಣಿಕಟ್ಟಿಗೆ ಒಂದು ಕೊಟ್ಟರು.

"ನಿಮ್ಮ ಅಮ್ಮನ ಮುಂದೆ ಇದೆಲ್ಲ ನಡೆಯಲ್ಲ" ಎಂದಳು ಟೇಲರಕ್ಕ, ಇನ್ನೊಂದಿಷ್ಟು ಬಡಿಸುತ್ತ.

"ಅವನಿಗೆ ಸಾಕು. ನನಗೆ ಹಾಕು" ಎಂದು ಅತ್ತೆ ತಟ್ಟೆ ಮುಂದೆ ಮಾಡಿದರು.